ಪಿಟಿಹೆಚ್ 1480: ಮಾತ್ರೆ ಸಾಕಾ, ಆಪರೇಷನ್ ಬೇಕಾ?

ಪ್ರಶ್ನೆ: ಡಾಕ್ಟ್ರೇ, ನಮ್ಮದು ಹೊಸನಗರ ತಾಲೂಕಿನ ಒಂದು ಹಳ್ಳಿ. ಎರಡು ಎಕರೆ ಅಡಿಕೆ ತೋಟ ಇದೆ. ಅಮ್ಮನಿಗೆ 52 ವರ್ಷ. ಆರು ವರ್ಷದಿಂದ ಡಯಾಲಿಸಿಸ್, ಈಗ ವಾರಕ್ಕೆ ಎರಡು ಸಲ. ಒಂದು ವರ್ಷದಿಂದ ಮೈಯೆಲ್ಲ ತುರಿಕೆ, ಸೊಂಟ, ಮೊಣಕಾಲಿನ ಮೂಳೆ ನೋವು. ಪಿಟಿಹೆಚ್ (ಪ್ಯಾರಾಥೈರಾಯ್ಡ್ ಹಾರ್ಮೋನ್) ಹೋದ ವರ್ಷ 780 ಇತ್ತು, ಆಮೇಲೆ 1120, ಈಗ 1480. ಕ್ಯಾಲ್ಸಿಯಂ 10.6, ಫಾಸ್ಫರಸ್ 6.9, ಆಲ್ಕಲೈನ್ ಫಾಸ್ಫಟೇಸ್ 640. ಪಿಟಿಹೆಚ್ ಇಳಿಸಲು ಸಿನಕ್ಯಾಲ್ಸೆಟ್ ಮಾತ್ರೆ 60 ಮಿಲಿಗ್ರಾಂ ಬರೆದುಕೊಟ್ಟಿದ್ದಾರೆ. ತಿಂದರೆ ಹೊಟ್ಟೆ ತೊಳಸುತ್ತದೆ ಅಂತ ಅಮ್ಮ ಬಿಟ್ಟು ಬಿಟ್ಟು ತಗೊಳ್ತಾರೆ. ಈಗ ಡಾಕ್ಟರು ಪ್ಯಾರಾಥೈರಾಯ್ಡ್ ಗ್ರಂಥಿ ತೆಗೆಯುವ ಕುತ್ತಿಗೆ ಆಪರೇಷನ್ ಮಾಡಿಸಿ ಅಂತಿದ್ದಾರೆ. ಮಾತ್ರೆಯಲ್ಲೇ ಸರಿಹೋಗಲ್ವಾ? ಅಮ್ಮ ಊರಿನ ಭಜನಾ ಮಂಡಳಿಯಲ್ಲಿ ಹಾಡುತ್ತಾರೆ. ಧ್ವನಿ ಹೋದರೆ ಅಂತ ತುಂಬಾ ಹೆದರಿದ್ದಾರೆ.

ಉತ್ತರ: ನೇರವಾಗಿ ಹೇಳಿಬಿಡುತ್ತೇನೆ. ನೀವು ಕೊಟ್ಟ ಅಂಕಿಗಳನ್ನು ನೋಡಿದರೆ ವಿಷಯ ಆಪರೇಷನ್ ಕಡೆಗೇ ವಾಲಿದೆ. ನಿಮ್ಮ ಡಾಕ್ಟರು ಹೇಳಿದ್ದರಲ್ಲಿ ತಪ್ಪಿಲ್ಲ. ಆದರೆ "ಬಿಟ್ಟು ಬಿಟ್ಟು ತಗೊಳ್ತಾರೆ" ಅಂತ ಬರೆದಿದ್ದೀರಲ್ಲ, ಅಲ್ಲಿ ನಾನು ಸ್ವಲ್ಪ ನಿಂತೆ. ಮಾತ್ರೆ ಕೆಲಸ ಮಾಡಲಿಲ್ಲವೋ, ಮಾತ್ರೆ ಹೊಟ್ಟೆಗೇ ಹೋಗಲಿಲ್ಲವೋ? ಎರಡೂ ಒಂದೇ ಅಲ್ಲ. ನನ್ನ ಹತ್ತಿರ ಬರುವವರಲ್ಲಿ ಈ ಎರಡನ್ನು ಬೇರೆ ಮಾಡುವುದರಲ್ಲೇ ಅರ್ಧ ಸಮಯ ಹೋಗುತ್ತದೆ.

ಥೈರಾಯ್ಡ್ ಹಿಂದೆ ಅಂಟಿಕೊಂಡಂತೆ ಸಾಮಾನ್ಯವಾಗಿ ನಾಲ್ಕು ಪ್ಯಾರಾಥೈರಾಯ್ಡ್ ಗ್ರಂಥಿಗಳಿರುತ್ತವೆ. ಒಂದೊಂದೂ ಅಕ್ಕಿಕಾಳಿನಷ್ಟು. ಹೆಸರಿನಲ್ಲಿ ಥೈರಾಯ್ಡ್ ಇದ್ದರೂ ಕೆಲಸ ಪೂರ್ತಿ ಬೇರೆ. ರಕ್ತದಲ್ಲಿ ಕ್ಯಾಲ್ಸಿಯಂ ಇಳಿಯದಂತೆ ಕಾಯುವುದು ಇವುಗಳ ಕೆಲಸ. ಇಳಿದರೆ ಪಿಟಿಹೆಚ್ ಹಾರ್ಮೋನ್ ಬಿಡುತ್ತವೆ. ಅದು ಮೂಳೆಯಿಂದ ಕ್ಯಾಲ್ಸಿಯಂ ಎಳೆದು ರಕ್ತಕ್ಕೆ ತರುತ್ತದೆ.

ಕಿಡ್ನಿ ಕೆಟ್ಟಾಗ ಮೂರು ಕಡೆಯಿಂದ ಈ ಗ್ರಂಥಿಗಳಿಗೆ ಒತ್ತಡ ಬೀಳುತ್ತದೆ. ಫಾಸ್ಫರಸ್ ಹೊರಗೆ ಹೋಗುವುದಿಲ್ಲ. ಕಿಡ್ನಿ ತಯಾರಿಸಬೇಕಿದ್ದ ಚುರುಕಾದ ವಿಟಮಿನ್ ಡಿ ತಯಾರಾಗುವುದಿಲ್ಲ. ಅದಿಲ್ಲದೆ ಊಟದ ಕ್ಯಾಲ್ಸಿಯಂ ಮೈಗೆ ಹತ್ತುವುದಿಲ್ಲ. ಗ್ರಂಥಿಗಳು ಹಗಲೂ ರಾತ್ರಿ ದುಡಿಯುತ್ತವೆ. ವರ್ಷಗಟ್ಟಲೆ ದುಡಿದು ದಪ್ಪ ಆಗುತ್ತವೆ. ಮೊದಲು ಇಡೀ ಗ್ರಂಥಿ ಒಂದೇ ಸಮ ಊದುತ್ತದೆ. ಆ ಹಂತದಲ್ಲಿ ಔಷಧಿ ಹೇಳಿದ ಮಾತು ಕೇಳುತ್ತದೆ. ಆಮೇಲೆ ಒಳಗೆ ಗಂಟು ಕಟ್ಟುತ್ತದೆ. ಗಂಟಿನ ಜೀವಕೋಶಗಳಲ್ಲಿ ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿಯನ್ನು ಗುರುತಿಸುವ ಗ್ರಾಹಕಗಳೇ ಕಡಿಮೆ. ಅಂದರೆ ಕಿವಿ ಕೇಳಿಸದ ಆಳು ಇದ್ದ ಹಾಗೆ. ರಕ್ತದಲ್ಲಿ ಕ್ಯಾಲ್ಸಿಯಂ ಸಾಕಷ್ಟು ಇದ್ದರೂ ಪಿಟಿಹೆಚ್ ಸುರಿಸುತ್ತಲೇ ಇರುತ್ತದೆ. ನಿಮ್ಮ ಅಮ್ಮನ ಕ್ಯಾಲ್ಸಿಯಂ 10.6 ಇದ್ದೂ ಪಿಟಿಹೆಚ್ 1480 ಇದೆ. ನನಗೆ ಅನುಮಾನ ಬರುವುದು ಇದರಿಂದಲೇ.

ನಿಮಗೆ ತೋಟ ಇದೆ, ಕೊಳೆ ರೋಗದ ಪಾಡು ಗೊತ್ತು. ಮಳೆ ಹಿಡಿಯುವ ಮೊದಲೇ ಮೈಲುತುತ್ತದ ಬೋರ್ಡೋ ದ್ರಾವಣ ಹೊಡೆದರೆ ಗೊನೆ ಉಳಿಯುತ್ತದೆ. ಕೊಳೆತು ಉದುರಲು ಶುರುವಾದ ಗೊನೆಗೆ ಎಷ್ಟು ಹೊಡೆದರೂ ಮೈಲುತುತ್ತ ದಂಡ. ಗ್ರಂಥಿಯದೂ ಹೆಚ್ಚುಕಡಿಮೆ ಇದೇ ಕಥೆ. ಹಾಗಾಗಿ ಮಾತ್ರೆಯೋ ಆಪರೇಷನ್ನೋ ಎಂದು ಕೇಳುವುದಕ್ಕಿಂತ, ಗ್ರಂಥಿ ಇನ್ನೂ ಮಾತು ಕೇಳುತ್ತಿದೆಯೋ ಇಲ್ಲವೋ ಎಂದು ಮೊದಲು ಕೇಳಬೇಕು.

ಅದನ್ನು ತಿಳಿಯಲು ಒಂದು ಸುಲಭದ ದಾರಿ ಇದೆ. ಕುತ್ತಿಗೆಯ ಅಲ್ಟ್ರಾಸೌಂಡ್. ಗ್ರಂಥಿ ಒಂದು ಸೆಂಟಿಮೀಟರಿಗಿಂತ ಉದ್ದ ಬೆಳೆದಿದ್ದರೆ, ಅಥವಾ ಗಾತ್ರ 500 ಘನ ಮಿಲಿಮೀಟರ್ ದಾಟಿದ್ದರೆ, ಒಳಗೆ ಗಂಟು ಕಟ್ಟಿರುವ ಸಾಧ್ಯತೆ ಜಾಸ್ತಿ. ಇದು ಜಪಾನಿನ ವೈದ್ಯರು ಬಳಕೆಗೆ ತಂದ ಲೆಕ್ಕ. ಇದಕ್ಕೆ ಬೆಂಗಳೂರಿಗೆ ಹೋಗಬೇಕಿಲ್ಲ, ಶಿವಮೊಗ್ಗದಲ್ಲೇ ಆಗುತ್ತದೆ. ಆದರೆ "ಪ್ಯಾರಾಥೈರಾಯ್ಡ್ ನೋಡಬೇಕು" ಅಂತ ಚೀಟಿಯಲ್ಲಿ ಬರೆಸಿಕೊಂಡು ಹೋಗಿ. ಬರೀ ಕುತ್ತಿಗೆ ಸ್ಕ್ಯಾನ್ ಅಂದರೆ ಥೈರಾಯ್ಡ್ ನೋಡಿ ಕಳಿಸಿಬಿಡುತ್ತಾರೆ.

ಪಿಟಿಹೆಚ್ ಅಂಕಿಯ ಬಗ್ಗೆ ಒಂದು ಮಾತು. ಡಯಾಲಿಸಿಸ್‌ನಲ್ಲಿ ಇರುವವರಿಗೆ ಅದು ನಮ್ಮ ನಿಮ್ಮ ಹಾಗೆ 65ರ ಒಳಗೆ ಇರಬೇಕಿಲ್ಲ, ಇರಲೂಬಾರದು. ತೀರಾ ಇಳಿದರೆ ಮೂಳೆ ಮಂಕಾಗುತ್ತದೆ, ಹಳೆಯದು ತೆಗೆದು ಹೊಸದು ಕಟ್ಟುವ ಕೆಲಸವೇ ನಿಲ್ಲುತ್ತದೆ. ಕೆಡಿಗೋ ಎಂಬ ಅಂತಾರಾಷ್ಟ್ರೀಯ ಸಂಸ್ಥೆಯ ಮಾರ್ಗಸೂಚಿ ಪ್ರಕಾರ ಸಾಮಾನ್ಯ ಮಿತಿಯ 2ರಿಂದ 9 ಪಟ್ಟು ಇರಬಹುದು. ಮಿತಿ 65 ಅಂದುಕೊಂಡರೆ 130ರಿಂದ 585. ಒಂದು ರಿಪೋರ್ಟ್‌ಗಿಂತ ಅದು ಎತ್ತ ಕಡೆ ಹೋಗುತ್ತಿದೆ ಅನ್ನುವುದು ಮುಖ್ಯ. ನಿಮ್ಮಲ್ಲಿ ಮೂರು ರಿಪೋರ್ಟೂ ಮೇಲಕ್ಕೇ ಹೋಗಿವೆ. ಮೂರೂ ಒಂದೇ ಲ್ಯಾಬಿನದ್ದಾ ನೋಡಿ. ಲ್ಯಾಬಿನಿಂದ ಲ್ಯಾಬಿಗೆ ಪಿಟಿಹೆಚ್ ಅಂಕಿ ತುಂಬಾ ಬದಲಾಗುತ್ತದೆ. ಸಿನಕ್ಯಾಲ್ಸೆಟ್ ನುಂಗಿ 12 ಗಂಟೆ ಆಗುವ ಮೊದಲು ರಕ್ತ ಕೊಟ್ಟರೂ ಅಂಕಿ ಸುಳ್ಳೇ ಕಡಿಮೆ ಬರುತ್ತದೆ.

ಈಗ ಮಾತ್ರೆಗಳ ವಿಷಯ. ಫಾಸ್ಫರಸ್ 6.9 ಯಾಕಿದೆ? ಲೆಕ್ಕ ಹಾಕೋಣ. ಸಾಮಾನ್ಯ ಊಟದಲ್ಲಿ ದಿನಕ್ಕೆ ಸುಮಾರು 1000 ಮಿಲಿಗ್ರಾಂ ಫಾಸ್ಫರಸ್ ಇರುತ್ತದೆ. ಅದರಲ್ಲಿ 600 ರಕ್ತ ಸೇರಿತು ಅಂದರೂ ವಾರಕ್ಕೆ 4200. ನಾಲ್ಕು ಗಂಟೆಯ ಒಂದು ಡಯಾಲಿಸಿಸ್ ತೆಗೆಯುವುದು 800ರಿಂದ 1000. ವಾರಕ್ಕೆ ಮೂರು ಸಲ ಆದರೂ ಲೆಕ್ಕ ಸರಿಹೋಗದು, ಎರಡು ಸಲ ಆದರೆ ಕೇಳುವುದೇ ಬೇಡ. ಉಳಿದದ್ದನ್ನು ಬೈಂಡರ್ ಮಾತ್ರೆ ಹೊಟ್ಟೆಯಲ್ಲೇ ಹಿಡಿದು ಹೊರಗೆ ಹಾಕಬೇಕು. ಆದ್ದರಿಂದ ನನ್ನ ಮೊದಲ ಸಲಹೆ: ಹೇಗಾದರೂ ಮಾಡಿ ಮೂರನೇ ಡಯಾಲಿಸಿಸ್‌ಗೆ ಜಾಗ ಕೇಳಿ. ಮಳೆಗಾಲದಲ್ಲಿ ಬಸ್ ಬರಲಿಲ್ಲ, ಮರ ಬಿತ್ತು ಅಂತ ಎರಡರಲ್ಲೂ ಒಂದು ತಪ್ಪುತ್ತದೆ. ನಮ್ಮ ಕಡೆ ಇದು ಎಲ್ಲರ ಮನೆ ಕಥೆ. ಆದರೂ ಹೇಳಲೇಬೇಕು.

ಬೈಂಡರನ್ನು ಊಟದ ಜೊತೆಗೇ ತೆಗೆದುಕೊಳ್ಳಬೇಕು. ಊಟ ಆಗಿ ಎಲೆ ಎತ್ತಿದ ಮೇಲೆ ನೆನಪಾಗಿ ನುಂಗಿದರೆ ಅರ್ಧಕ್ಕರ್ಧ ವೇಸ್ಟ್. ಬೆಳಿಗ್ಗೆ ಕಡುಬು ತಿನ್ನುವಾಗ ಒಂದು, ಮಧ್ಯಾಹ್ನದ ಊಟಕ್ಕೆ ಒಂದೋ ಎರಡೋ, ಹೀಗೆ ಯಾವ ಊಟ ದೊಡ್ಡದೋ ಅದಕ್ಕೆ ಜಾಸ್ತಿ. ಅಮ್ಮ ತೆಗೆದುಕೊಳ್ಳುವ ಬೈಂಡರ್ ಯಾವುದು ಅಂತ ನೀವು ಬರೆದಿಲ್ಲ. ಕ್ಯಾಲ್ಸಿಯಂ ಅಸಿಟೇಟ್ ಅಥವಾ ಕಾರ್ಬೊನೇಟ್ ಆಗಿದ್ದರೆ, ರಕ್ತದ ಕ್ಯಾಲ್ಸಿಯಂ 10.6 ಇರುವಾಗ ಅದು ಬೇಡ. ಸೆವೆಲಮರ್ ಅಥವಾ ಲ್ಯಾಂಥನಮ್‌ಗೆ ಬದಲಾಯಿಸಬಹುದಾ ಅಂತ ಡಾಕ್ಟರನ್ನು ಕೇಳಿ. ಕ್ಯಾಲ್ಸಿಟ್ರಿಯಾಲ್, ಅಂದರೆ ಆ ಚುರುಕಾದ ವಿಟಮಿನ್ ಡಿ ಮಾತ್ರೆ, ನಡೆಯುತ್ತಿದ್ದರೆ ಅದನ್ನೂ ಕೇಳಿ. ಅದು ಪಿಟಿಹೆಚ್ ಇಳಿಸುತ್ತದೆ ನಿಜ, ಆದರೆ ಕರುಳಿನಿಂದ ಕ್ಯಾಲ್ಸಿಯಂ, ಫಾಸ್ಫರಸ್ ಎರಡನ್ನೂ ಹೆಚ್ಚು ಎಳೆಯುತ್ತದೆ. ಎರಡೂ ಏರಿರುವಾಗ ಅದನ್ನು ಕೊಡುತ್ತಾ ಹೋದರೆ ರಕ್ತನಾಳಗಳಲ್ಲಿ ಸುಣ್ಣ ಕಟ್ಟುತ್ತದೆ.

ಸುಣ್ಣ ಅಂದ ಕೂಡಲೇ ನೆನಪಾಯಿತು. ಅಮ್ಮ ಎಲೆ ಅಡಿಕೆ ಹಾಕುತ್ತಾರಾ? ಎಲೆಗೆ ಹಚ್ಚುವ ಸುಣ್ಣವೂ ಕ್ಯಾಲ್ಸಿಯಮ್ಮೇ. ದಿನಕ್ಕೆ ಹತ್ತು ಸಲ ಕವಳ ಹಾಕುವವರಲ್ಲಿ ಇದು ಸಣ್ಣ ವಿಷಯವಲ್ಲ. ಮೂಳೆ ನೋವಿಗೆ ಒಳ್ಳೆಯದು ಅಂತ ಸುಣ್ಣದ ತಿಳಿನೀರು ಕುಡಿಯುವವರನ್ನೂ ನೋಡಿದ್ದೇನೆ. ಡಾಕ್ಟರು ಕೇಳುವುದಿಲ್ಲ, ರೋಗಿ ಹೇಳುವುದಿಲ್ಲ. ಮಳೆಗಾಲದ ಒಣಮೀನು, ಬಾಟಲಿಯ ಕೋಲಾ, ಪ್ಯಾಕೆಟ್ ತಿಂಡಿ ಇವುಗಳಲ್ಲೂ ಫಾಸ್ಫರಸ್ ಜಾಸ್ತಿ. ಅದರಲ್ಲೂ ಕೋಲಾ, ಪ್ಯಾಕೆಟ್‌ಗಳಿಗೆ ಬೆರೆಸಿದ ಫಾಸ್ಫೇಟ್ ಹೆಚ್ಚುಕಡಿಮೆ ಪೂರ್ತಿ ರಕ್ತಕ್ಕೆ ಸೇರುತ್ತದೆ. ಬೇಳೆಕಾಳಿನದು ಅಷ್ಟು ಸೇರುವುದಿಲ್ಲ. ಆದ್ದರಿಂದ ಬೇಳೆ ಬಿಡಿಸಿ ಅಮ್ಮನನ್ನು ಸೊರಗಿಸಬೇಡಿ.

ಇನ್ನು ಸಿನಕ್ಯಾಲ್ಸೆಟ್. 2004ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಔಷಧಿ. ಗ್ರಂಥಿಯ ಕ್ಯಾಲ್ಸಿಯಂ ಗ್ರಾಹಕವನ್ನು ಚುರುಕು ಮಾಡಿ, "ಕ್ಯಾಲ್ಸಿಯಂ ಸಾಕಷ್ಟಿದೆ, ಸುಮ್ನಿರು" ಅಂತ ಅದನ್ನು ನಂಬಿಸುತ್ತದೆ. ಪಿಟಿಹೆಚ್ ಜೊತೆ ಕ್ಯಾಲ್ಸಿಯಂ ಕೂಡ ಇಳಿಯುವುದರಿಂದ ನಿಮ್ಮ ಅಮ್ಮನ ಅಂಕಿಗಳಿಗೆ ಹೊಂದುವ ಔಷಧಿಯೇ. ತೊಂದರೆ ವಾಕರಿಕೆ. ಬೆಳಿಗ್ಗೆ ಖಾಲಿ ಹೊಟ್ಟೆಗೆ ಅಥವಾ ಬರೀ ಕಾಫಿ ಜೊತೆ ನುಂಗುವವರಿಗೆ ಇದು ಜಾಸ್ತಿ. ರಾತ್ರಿ ಊಟದ ನಡುವೆ ನುಂಗಿ ಹಾಗೇ ಮಲಗಿದರೆ ಎಷ್ಟೋ ಜನಕ್ಕೆ ತಡೆಯುತ್ತದೆ. 60 ತಡೆಯದಿದ್ದರೆ 30ಕ್ಕೆ ಇಳಿಸಿ, ಕೆಲವು ವಾರಕ್ಕೊಮ್ಮೆ ಏರಿಸಬಹುದು. ಗರಿಷ್ಠ 180ರವರೆಗೂ ಹೋಗುತ್ತದೆ. ಮೆಟೊಪ್ರೊಲಾಲ್ ಎಂಬ ಬಿಪಿ ಮಾತ್ರೆ ನಡೆಯುತ್ತಿದ್ದರೆ ಡಾಕ್ಟರಿಗೆ ನೆನಪಿಸಿ. ಸಿನಕ್ಯಾಲ್ಸೆಟ್ ಅದರ ಜೋರು ಹೆಚ್ಚಿಸುತ್ತದೆ, ನಾಡಿ ನಿಧಾನ ಆಗಬಹುದು.

ಮಾತ್ರೆ ಬೇಡ ಅನ್ನುವವರಿಗೆ ಡಯಾಲಿಸಿಸ್ ಕೊನೆಯಲ್ಲಿ ರಕ್ತನಾಳಕ್ಕೇ ಕೊಡುವ ಎಟೆಲ್ಕ್ಯಾಲ್ಸೆಟೈಡ್ ಎಂಬ ಇಂಜೆಕ್ಷನ್ ಇದೆ. ನುಂಗುವುದು ಮರೆಯುವ ಪ್ರಶ್ನೆ ಇಲ್ಲ. ಆದರೆ 2017ರಲ್ಲಿ ಎರಡನ್ನೂ ಎದುರುಬದುರು ಇಟ್ಟು ನೋಡಿದಾಗ ಇಂಜೆಕ್ಷನ್‌ನಿಂದ ಪಿಟಿಹೆಚ್ ಇನ್ನೂ ಚೆನ್ನಾಗಿ ಇಳಿಯಿತು, ವಾಕರಿಕೆ ಮಾತ್ರ ಅಂಥಾ ಕಡಿಮೆ ಆಗಲಿಲ್ಲ.

ಸಿನಕ್ಯಾಲ್ಸೆಟ್‌ನಿಂದ ಆಯುಸ್ಸು ಹೆಚ್ಚುತ್ತದಾ? 2012ರಲ್ಲಿ ಪ್ರಕಟವಾದ ಇವಾಲ್ವ್ ಎಂಬ ದೊಡ್ಡ ಅಧ್ಯಯನ ಇದೇ ಪ್ರಶ್ನೆ ಇಟ್ಟುಕೊಂಡು ನಡೆದಿತ್ತು. 3883 ಡಯಾಲಿಸಿಸ್ ರೋಗಿಗಳು. ಸಾವು ಮತ್ತು ಹೃದಯದ ತೊಂದರೆ ಖಚಿತವಾಗಿ ಕಡಿಮೆಯಾಯಿತು ಅಂತ ತೋರಿಸಲು ಆಗಲಿಲ್ಲ. ಆದರೆ ಪ್ಯಾರಾಥೈರಾಯ್ಡ್ ಆಪರೇಷನ್‌ಗೆ ಹೋದವರು ಸಿನಕ್ಯಾಲ್ಸೆಟ್ ಗುಂಪಿನಲ್ಲಿ 100ಕ್ಕೆ 7, ಬರೀ ಮಾತ್ರೆಯಂತೆ ಕಾಣುವ ಹುಸಿ ಗುಳಿಗೆ ತಿಂದವರಲ್ಲಿ 100ಕ್ಕೆ 14. ಅಂದರೆ ಮಾತ್ರೆ ಅನೇಕರನ್ನು ಆಪರೇಷನ್ ಟೇಬಲ್ಲಿನಿಂದ ದೂರ ಇಡುತ್ತದೆ. ಅಷ್ಟು ಮಾತ್ರ ಧೈರ್ಯವಾಗಿ ಹೇಳಬಹುದು.

ಆಪರೇಷನ್ ಕಡೆಯ ಸಾಕ್ಷ್ಯವೂ ಪರಿಪೂರ್ಣ ಅಲ್ಲ. ಆಪರೇಷನ್ ಮಾಡಿಸಿಕೊಂಡವರು ಹೆಚ್ಚು ವರ್ಷ ಬದುಕಿದ್ದಾರೆ ಅಂತ ಅನೇಕ ವರದಿಗಳಿವೆ. ಆದರೆ ಸರ್ಜನ್‌ಗಳು ಆರಿಸಿಕೊಳ್ಳುವುದು ಸ್ವಲ್ಪ ಗಟ್ಟಿ ಇರುವವರನ್ನೇ, ಅಲ್ವಾ? ಹಾಗಾಗಿ ಆ ಲಾಭದಲ್ಲಿ ಎಷ್ಟು ಆಪರೇಷನ್‌ನದು, ಎಷ್ಟು ಆ ವ್ಯಕ್ತಿಯ ಗಟ್ಟಿತನದ್ದು ಅಂತ ಬಿಡಿಸುವುದು ಕಷ್ಟ. ಅನುಮಾನವೇ ಇಲ್ಲದ ಸಂಗತಿ ಬೇರೆ: ಪಿಟಿಹೆಚ್ ಇಳಿಸುವುದರಲ್ಲಿ ಆಪರೇಷನ್‌ಗೆ ಸಾಟಿಯಾದ ಮಾತ್ರೆ ಇಲ್ಲ. ವರ್ಷಗಟ್ಟಲೆ ಕೆರೆದುಕೊಂಡವರು ಆಪರೇಷನ್ ಆದ ಕೆಲವೇ ದಿನದಲ್ಲಿ ರಾತ್ರಿ ನಿದ್ದೆ ಬಂತು ಅಂದಿದ್ದನ್ನು ನಾನೇ ಕೇಳಿದ್ದೇನೆ.

ನನ್ನದೇ ಒಂದು ತಪ್ಪು ಹೇಳುತ್ತೇನೆ. ಕೆಲವು ವರ್ಷದ ಹಿಂದೆ ಒಬ್ಬರಿಗೆ ಆಪರೇಷನ್ ಬೇಡ ಬೇಡ ಅಂತ ಮಾತ್ರೆ ಏರಿಸುತ್ತಲೇ ಹೋದೆ. ಅವರಿಗೂ ಭಯ ಇತ್ತು, ನನಗೂ ಅವಸರ ಬೇಡ ಅನಿಸಿತ್ತು. ಎರಡು ವರ್ಷ ಹೀಗೇ ಹೋಯಿತು. ಒಂದು ದಿನ ಬಚ್ಚಲಲ್ಲಿ ಸುಮ್ನೆ ಜಾರಿದ್ದಕ್ಕೆ ಸೊಂಟದ ಮೂಳೆ ಮುರಿಯಿತು. ಆಮೇಲೆ ಕುತ್ತಿಗೆಯ ಆಪರೇಷನ್ ಮಾಡಿಸಿದೆವು. ಆದರೆ ಅವರು ಮೊದಲಿನಂತೆ ನಡೆಯಲಿಲ್ಲ. ಅಂದಿನಿಂದ ಮಾತ್ರೆಗೆ ಒಂದು ಗಡುವು ಇಡುವ ಅಭ್ಯಾಸ ಮಾಡಿಕೊಂಡಿದ್ದೇನೆ.

ನಿಮ್ಮ ಅಮ್ಮನಿಗೂ ಅದನ್ನೇ ಹೇಳುತ್ತೇನೆ. ಮೊದಲು ಅಲ್ಟ್ರಾಸೌಂಡ್. ಗ್ರಂಥಿ ದೊಡ್ಡದಾಗಿ ಗಂಟು ಕಟ್ಟಿದ್ದರೆ ಕಾಯುವುದು ಬೇಡ, ಆಪರೇಷನ್‌ಗೆ ತಯಾರಿ ಶುರುಮಾಡಿ. ಅಷ್ಟು ದೊಡ್ಡದಿಲ್ಲದಿದ್ದರೆ ಮೂರು ತಿಂಗಳು ಸರಿಯಾಗಿ, ಒಂದು ದಿನವೂ ತಪ್ಪದೆ ಮಾತ್ರೆ. ಆ ಅವಧಿಯಲ್ಲೇ ಸರ್ಜನ್‌ರನ್ನೂ ಒಮ್ಮೆ ನೋಡಿ ಬನ್ನಿ. ಮೂರು ತಿಂಗಳ ಮೇಲೆ ಪಿಟಿಹೆಚ್ ಇನ್ನೂ 800ರ ಮೇಲೇ ಇದ್ದು, ಕ್ಯಾಲ್ಸಿಯಂ ಅಥವಾ ಫಾಸ್ಫರಸ್ ಬಗ್ಗದಿದ್ದರೆ ಮತ್ತೆ ಗಡುವು ಮುಂದೂಡಬೇಡಿ. ಕೊಯ್ಲು ಮುಗಿಯಲಿ, ಅಡಿಕೆ ಒಣಗಲಿ ಅಂತ ಎಷ್ಟೋ ಮನೆಗಳಲ್ಲಿ ನಾಲ್ಕು ತಿಂಗಳು ಕಳೆದುಬಿಡುತ್ತಾರೆ. ಮತ್ತೆ, ನಡುವೆ ಮೂಳೆ ಮುರಿದರೆ, ಅಥವಾ ತೊಡೆಯಲ್ಲೋ ಹೊಟ್ಟೆಯಲ್ಲೋ ಚರ್ಮ ಕಪ್ಪಾಗಿ ತೀರಾ ನೋಯುವ ಗಾಯ ಕಾಣಿಸಿದರೆ ಗಡುವು ಅಲ್ಲಿಗೇ ಮುಗಿಯಿತು, ತಕ್ಷಣ ಡಾಕ್ಟರ ಹತ್ತಿರ ಹೋಗಬೇಕು.

ಸರ್ಜನ್‌ರನ್ನು ಕೇಳಬೇಕಾದ ಒಂದೇ ದೊಡ್ಡ ಪ್ರಶ್ನೆ: ಡಯಾಲಿಸಿಸ್ ರೋಗಿಗಳ ಪ್ಯಾರಾಥೈರಾಯ್ಡ್ ಎಷ್ಟು ಮಾಡಿದ್ದೀರಿ? ಈ ಗ್ರಂಥಿಗಳನ್ನು ಹುಡುಕುವುದು ಸುಲಭವಲ್ಲ. ಇವನ್ನು ಮೊದಲು ಗುರುತಿಸಿದ್ದು ಮನುಷ್ಯರಲ್ಲಲ್ಲ ಗೊತ್ತಾ? 1849ರಲ್ಲಿ ಲಂಡನ್ ಮೃಗಾಲಯದಲ್ಲಿ ಸತ್ತ ಭಾರತದ ಒಂದು ಘೇಂಡಾಮೃಗದಲ್ಲಿ, ರಿಚರ್ಡ್ ಓವೆನ್ ಎಂಬ ವಿಜ್ಞಾನಿ. ಮನುಷ್ಯರಲ್ಲಿ ಇವೆ ಅಂತ ಸ್ವೀಡನ್ನಿನ ಇವಾರ್ ಸ್ಯಾಂಡ್‌ಸ್ಟ್ರಾಮ್ ವಿವರಿಸಿ ಬರೆದಿದ್ದು 1880ರಲ್ಲಿ. ನಾಲ್ಕರಲ್ಲಿ ಒಂದು ಎದೆಯೊಳಗೆ ಇಳಿದು ಕೂತಿರಬಹುದು. ಕೆಲವರಿಗೆ ಐದನೆಯದೂ ಇರುತ್ತದೆ. ಅದಕ್ಕೇ ಮೊದಲು ಸೆಸ್ಟಮಿಬಿ ಸ್ಕ್ಯಾನ್ ಮಾಡಿಸುತ್ತಾರೆ.

ಕುತ್ತಿಗೆಯ ಮಡಿಕೆಯಲ್ಲೇ ಕೊಯ್ದು ಮೂರೂವರೆ ಗ್ರಂಥಿ ತೆಗೆದು ಅರ್ಧ ಉಳಿಸುವುದು ಒಂದು ಕ್ರಮ. ನಾಲ್ಕನ್ನೂ ತೆಗೆದು, ಸಣ್ಣ ಚೂರುಗಳನ್ನು ಮುಂದೋಳಿನ ಸ್ನಾಯುವಿನೊಳಗೆ ನೆಡುವುದು ಇನ್ನೊಂದು. ಮುಂದೆ ಆ ಚೂರು ಮತ್ತೆ ಬೆಳೆದು ಕಾಟ ಕೊಟ್ಟರೆ ಕುತ್ತಿಗೆ ಮುಟ್ಟದೆ ತೋಳಲ್ಲೇ ತೆಗೆಯಬಹುದು. ಚೂರು ನೆಡುವುದು ಫಿಸ್ಟುಲಾ (ಡಯಾಲಿಸಿಸ್ ಸೂಜಿ ಚುಚ್ಚಲು ಜೋಡಿಸಿದ ರಕ್ತನಾಳ) ಇಲ್ಲದ ತೋಳಿಗೆ. ಆಮೇಲೆ ಆ ತೋಳಿನಿಂದ ಪಿಟಿಹೆಚ್‌ಗೆ ರಕ್ತ ತೆಗೆದರೆ ಅಂಕಿ ಸುಳ್ಳೇ ಮೇಲೆ ಬರುತ್ತದೆ. ಹಾಗಾಗಿ ಡಯಾಲಿಸಿಸ್ ಶುರುವಾಗುವಾಗ ಫಿಸ್ಟುಲಾ ಕಡೆಯಿಂದಲೇ ತೆಗೆಸಿ. ಅಮ್ಮನ ಹೆಸರು ಕಿಡ್ನಿ ಕಸಿಗೆ ರಾಜ್ಯದ ಅಂಗದಾನ ಸಂಸ್ಥೆ ಜೀವಸಾರ್ಥಕತೆಯಲ್ಲಿ ನೋಂದಣಿ ಆಗಿದ್ದರೆ ಸರ್ಜನ್‌ಗೆ ಮೊದಲೇ ಹೇಳಿ. ಹೊಸ ಕಿಡ್ನಿ ಬಂದ ಮೇಲೆ ಸ್ವಲ್ಪ ಪಿಟಿಹೆಚ್ ಬೇಕಾಗುತ್ತದೆ, ಪೂರ್ತಿ ಖಾಲಿ ಮಾಡಬಾರದು.

ಅಪಾಯ ಎಷ್ಟು? ಅಮೆರಿಕದ ಡಯಾಲಿಸಿಸ್ ರೋಗಿಗಳ ದೊಡ್ಡ ಲೆಕ್ಕವೊಂದರಲ್ಲಿ ಆಪರೇಷನ್ ಆದ 30 ದಿನದೊಳಗೆ 100ಕ್ಕೆ ಸುಮಾರು 2 ಜನ ತೀರಿಕೊಂಡಿದ್ದರು. ಸಣ್ಣ ಅಂಕಿ ಅಲ್ಲ, ಮುಚ್ಚಿಡುವುದೂ ಸರಿಯಲ್ಲ. ನನಗೆ ಹೆಚ್ಚು ಚಿಂತೆ ಆಗುವುದು ಆಪರೇಷನ್ ಥಿಯೇಟರಿನ ಎರಡು ಮೂರು ಗಂಟೆಗಿಂತ ಅದರ ಮುಂದಿನ ವಾರಗಳದ್ದು.

ವರ್ಷಗಟ್ಟಲೆ ಕ್ಯಾಲ್ಸಿಯಂ ಕಳೆದುಕೊಂಡ ಮೂಳೆ, ಪಿಟಿಹೆಚ್ ಇಳಿದ ಕೂಡಲೇ ಬರಗೆಟ್ಟ ಹಾಗೆ ರಕ್ತದ ಕ್ಯಾಲ್ಸಿಯಂ ಎಳೆದುಕೊಳ್ಳಲು ಶುರುಮಾಡುತ್ತದೆ. ಇದಕ್ಕೆ ಹಸಿದ ಮೂಳೆ ಅಂತಲೇ ಹೆಸರು. ಎರಡರಿಂದ ನಾಲ್ಕನೇ ದಿನ ಕ್ಯಾಲ್ಸಿಯಂ ತೀರಾ ಕೆಳಗಿಳಿಯುತ್ತದೆ. ಮೂಳೆ ಎಷ್ಟು ಜೋರಾಗಿ ಸವೆದು ಕಟ್ಟುತ್ತಿದೆ ಅಂತ ತೋರಿಸುವ ಆಲ್ಕಲೈನ್ ಫಾಸ್ಫಟೇಸ್ ಹೆಚ್ಚಿದ್ದವರಲ್ಲಿ ಇದು ಜೋರು. ಅಮ್ಮನದು 640, ಆದ್ದರಿಂದ ಬಂದೇ ಬರುತ್ತದೆ ಅಂತ ಇಟ್ಟುಕೊಳ್ಳಿ. ಮೊದಲ ಎರಡು ಮೂರು ದಿನ ಆರೆಂಟು ಗಂಟೆಗೊಮ್ಮೆ ರಕ್ತ ಪರೀಕ್ಷೆ, ರಕ್ತನಾಳಕ್ಕೆ ಕ್ಯಾಲ್ಸಿಯಂ ಗ್ಲುಕೊನೇಟ್, ಜೊತೆಗೆ ಕ್ಯಾಲ್ಸಿಟ್ರಿಯಾಲ್ ಬೇಕು. ಅದಕ್ಕೇ ಆಸ್ಪತ್ರೆ ಆರಿಸುವಾಗ ಸರ್ಜನ್ ಒಬ್ಬರನ್ನೇ ನೋಡಬೇಡಿ. ರಾತ್ರಿ ಎರಡು ಗಂಟೆಗೆ ಕ್ಯಾಲ್ಸಿಯಂ ರಿಪೋರ್ಟ್ ಕೊಡುವ ಲ್ಯಾಬ್ ಇದೆಯಾ, ಅಲ್ಲೇ ಡಯಾಲಿಸಿಸ್ ಇದೆಯಾ, ಕೇಳಿ.

ಮನೆಗೆ ಬಂದ ಮೇಲೆ ಎಲ್ಲರೂ ಎಡವುವ ಜಾಗ ಒಂದಿದೆ. ಮೊದಲು ಕ್ಯಾಲ್ಸಿಯಂ ಮಾತ್ರೆಯನ್ನು ಊಟದ ಜೊತೆ ತಿನ್ನುತ್ತಿದ್ದರು, ಫಾಸ್ಫರಸ್ ಹಿಡಿಯಲು. ಈಗ ಅದೇ ಮಾತ್ರೆ ರಕ್ತಕ್ಕೆ ಸೇರಬೇಕು, ಆದ್ದರಿಂದ ಎರಡು ಊಟದ ನಡುವೆ ತಿನ್ನಬೇಕು. ನನ್ನ ಹತ್ತಿರ ಬರುತ್ತಿದ್ದ ಒಬ್ಬರು ಹಳೆ ಅಭ್ಯಾಸದಂತೆ ಊಟದ ಜೊತೆಗೇ ನುಂಗಿ, ಮನೆಗೆ ಹೋದ ಮೂರನೇ ರಾತ್ರಿ ಕೈ ಸೆಟೆದುಕೊಂಡು ವಾಪಸ್ ಬಂದರು. ಚೀಟಿಯಲ್ಲಿ ಬರೆದಿತ್ತು, ಬಾಯಲ್ಲಿ ಯಾರೂ ಹೇಳಿರಲಿಲ್ಲ. ತುಟಿಯ ಸುತ್ತ, ಬೆರಳ ತುದಿಯಲ್ಲಿ ಜುಮ್ಮೆನ್ನುವುದು ಮೊದಲ ಸೂಚನೆ. ಬೆರಳು ಸೆಟೆದರೆ ಬೆಳಗಾಗಲಿ ಅಂತ ಕಾಯದೆ 108ಕ್ಕೆ ಫೋನ್ ಮಾಡಿ.

ಇದೇ ಕಾರಣಕ್ಕೆ ಜೂನ್‌ನಿಂದ ಆಗಸ್ಟ್ ನಡುವೆ, ತೀರಾ ತುರ್ತಿಲ್ಲದಿದ್ದರೆ, ಹಳ್ಳಿಯವರಿಗೆ ನಾನು ದಿನ ಕೊಡಿಸುವುದಿಲ್ಲ. ಮಣಿಪಾಲಕ್ಕೆ ಹೋದರೂ ಹುಲಿಕಲ್ ಘಾಟಿಯ ಮಳೆಯಲ್ಲಿ ರಾತ್ರಿ ವಾಪಸ್ ಓಡುವುದು ಸಾಧ್ಯವಾ? ಆಪರೇಷನ್ ಆದ ಮೇಲೆ ಎರಡು ಮೂರು ವಾರ ಶಿವಮೊಗ್ಗದಲ್ಲೇ ಯಾರಾದರೂ ನೆಂಟರ ಮನೆಯಲ್ಲಿ ಉಳಿದುಕೊಳ್ಳಿ. ವಾರಕ್ಕೆ ಎರಡು ಸಲವಾದರೂ ಕ್ಯಾಲ್ಸಿಯಂ ನೋಡಿಸಿ. ಖರ್ಚಿನ ವಿಷಯಕ್ಕೆ, ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಏನು ಸಿಗುತ್ತದೆ ಅಂತ ಅಡ್ಮಿಟ್ ಆಗುವ ಮೊದಲೇ ಆಸ್ಪತ್ರೆಯ ಆರೋಗ್ಯಮಿತ್ರರನ್ನು ಕೇಳಿ. ಆದಮೇಲೆ ಕೇಳಿದರೆ ಓಡಾಟ ಜಾಸ್ತಿ.

ಕೊನೆಗೆ ಅಮ್ಮನ ಧ್ವನಿ. ಧ್ವನಿ ತಂತುಗಳಿಗೆ ಹೋಗುವ ನರ ಈ ಗ್ರಂಥಿಗಳ ಪಕ್ಕದಲ್ಲೇ ಹಾದುಹೋಗುತ್ತದೆ, ಆದ್ದರಿಂದ ಅವರ ಭಯ ಸುಳ್ಳಲ್ಲ. ಪಳಗಿದ ಕೈಯಲ್ಲಿ ಶಾಶ್ವತವಾಗಿ ಧ್ವನಿ ಒಡೆಯುವುದು 100ರಲ್ಲಿ ಒಬ್ಬಿಬ್ಬರಿಗೆ. ಅರಿವಳಿಕೆಯ ಟ್ಯೂಬಿನಿಂದ ನಾಲ್ಕು ದಿನ ಗಂಟಲು ಕರಕರ ಅನ್ನುವುದು ಮಾಮೂಲು, ಅದಕ್ಕೆ ಗಾಬರಿ ಬೇಡ. ಮೇಲಿನ ಸ್ವರಕ್ಕೆ ಬೇಕಾದ ಇನ್ನೊಂದು ಸಣ್ಣ ನರವೂ ಅಲ್ಲೇ ಹತ್ತಿರ ಇದೆ. ಅದಕ್ಕೆ ಏಟಾದರೆ ಮಾತಿನಲ್ಲಿ ಏನೂ ಗೊತ್ತಾಗುವುದಿಲ್ಲ, ತಾರಕದಲ್ಲಿ ಹಾಡುವಾಗ ಮಾತ್ರ ಗೊತ್ತಾಗುತ್ತದೆ. ಹಾಗಾಗಿ ಮೊದಲ ಭೇಟಿಯಲ್ಲೇ, ಬೇರೆ ಏನೂ ಹೇಳುವ ಮೊದಲು, ಅಮ್ಮ ಹಾಡುತ್ತಾರೆ ಅಂತ ಸರ್ಜನ್‌ಗೆ ಹೇಳಿ. ಆಪರೇಷನ್‌ಗೆ ಮುಂಚೆ ಒಮ್ಮೆ ಇಎನ್‌ಟಿ ಡಾಕ್ಟರಿಂದ ಧ್ವನಿ ತಂತು ನೋಡಿಸಿ, ರಿಪೋರ್ಟ್ ಫೈಲಿನಲ್ಲಿ ಇಟ್ಟುಕೊಳ್ಳಿ.